ಸಿಗಡಿಗಳ ಮಡಿ

ನರಸಾಪುರದ ಬದಿ, ಆಂಧ್ರ
೩ ನವೆಂಬರ್ ೨೦೨೪, ರವಿವಾರ

ಅಜ್ಜಿ,

ಇಲ್ಲಿಂದಲೇ ನಿನ್ನ ಕಾಲು ಮುಟ್ಟಿದ್ದೇನೆ. ಆಶೀರ್ವಾದವನ್ನು ಅಂಚೆಯಲ್ಲಿ ಕಳಿಸು, ಗುರೆಳ್ಳು ಪುಡಿಯ ಜೊತೆ.

ಇಲ್ಲಿಯ ಪೋಸ್ಟ್‌ಮನ್‌ಗೆ ನಮ್ಮಿಬ್ಬರ ಮೇಲೆ ಭಾರಿ ಕುತೂಹಲ. ಈ ಕಾಲದಲ್ಲಿ ಕಾಗದ ಬರೆಯುವವರು ಯಾರಮ್ಮಾ ಎಂದು ಕೇಳಿದ. ನಮ್ಮ ಅಜ್ಜಿ ಮೂವತ್ತನಾಲ್ಕು ವರ್ಷ ಅಬಿಡ್ಸ್‌ನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದಳು, ಊರಿನವರ ಮಾತು ಜೋಡಿಸಿ ಜೋಡಿಸಿ ಅವಳ ಕಿವಿಗಳು ಸವೆದುಹೋಗಿವೆ, ಅದಕ್ಕೇ ಕಾಗದ ಎಂದೆ. ಮೊಬೈಲಿಗೆ ಬರೆದರೆ ನಮ್ಮಪ್ಪ ಮೊದಲು ತಾನು ಓದಿ, ಆಮೇಲೆ ನಿನಗೆ ತೋರಿಸುತ್ತಾನೆ ಎಂಬುದನ್ನು ಮಾತ್ರ ಹೇಳಲಿಲ್ಲ.

ದಿನವಿಡೀ ಏನು ಮಾಡುತ್ತೀ ಎಂದು ಕೇಳಿದ್ದೆಯಲ್ಲ, ಕೇಳು. ಬೆಳಿಗ್ಗೆ ಗೇಟಿನಲ್ಲಿ ಚಪ್ಪಲಿ ಬಿಡಬೇಕು. ಸ್ನಾನ ಮಾಡಬೇಕು. ಅವರು ಕೊಟ್ಟ ಒಗೆದ ಬಟ್ಟೆ ಹಾಕಿಕೊಂಡು, ಔಷಧಿ ನೀರಿನಲ್ಲಿ ಕಾಲಿಟ್ಟು ಒಳಗೆ ಹೋಗಬೇಕು. ಹೊರಗಿನವರನ್ನು ಮುಟ್ಟಿದರೆ ಮತ್ತೆ ಸ್ನಾನ. ನಿನ್ನೆ ಮೂರು ಸಲ ಆಯಿತು.

ಇಷ್ಟೆಲ್ಲ ಯಾಕೆಂದರೆ ಸಿಗಡಿಗೆ ಬಿಳಿ ಚುಕ್ಕೆ ರೋಗ ಎಂಬುದೊಂದಿದೆ. ವೈರಸ್ಸಿನಿಂದ ಬರುತ್ತದೆ. ಬಂತೆಂದರೆ ವಾರ ಹತ್ತು ದಿನದಲ್ಲಿ ಕೊಳ ಖಾಲಿ. ಮದ್ದಿಲ್ಲ, ನಂಬುವಂಥ ಲಸಿಕೆಯೂ ಇಲ್ಲ. ಅದಕ್ಕೇ ರೋಗ ತಡೆದುಕೊಳ್ಳುವ ಮನೆತನ ಯಾವುದೆಂದು ಹುಡುಕಿ, ಅದರ ಸಂತಾನ ಬೆಳೆಸುವುದು ನಮ್ಮ ಕೆಲಸ. ಇಲ್ಲಿ ಮೂವತ್ತು ಮನೆತನಗಳಿವೆ. ಪ್ರತಿ ಮನೆತನದ ಕೆಲವು ಮಕ್ಕಳು 'ತಾಯಿಮನೆ' ಎಂಬ ಮುಚ್ಚಿದ ಕಟ್ಟಡದಲ್ಲಿ ರಾಣಿಯರಂತೆ ಇರುತ್ತವೆ. ಅವುಗಳದೇ ಒಡಹುಟ್ಟಿದವು ಹೊರಗಿನ ನಾಲ್ಕನೇ ಕೊಳದಲ್ಲಿ, ರೈತರ ಸಿಗಡಿಗಳಂತೆ ಬಿಸಿಲು ಗಾಳಿಗೆ ಬೆಳೆಯುತ್ತವೆ. ಯಾವುದು ಯಾರ ಮನೆಯದು ಎಂದು ತಿಳಿಯಲು ಬಾಲದ ಚಿಪ್ಪಿನ ಕೆಳಗೆ ಬಣ್ಣದ ಗುರುತು ಹಾಕಿದ್ದೇವೆ. ನನ್ನ ಮೆಚ್ಚಿನದು ಹದಿನೇಳನೆಯ ಮನೆತನ, ಹಳದಿ ಗುರುತು. ಯಾಕೆ ಎಂದು ಕೇಳಬೇಡ. ಮೇವು ಹಾಕಿದಾಗ ಮೊದಲು ಬರುತ್ತವೆ, ನನ್ನ ಹಾಗೆ.

ಪ್ರತಿ ಸೋಮವಾರ ಇಡೀ ಕೇಂದ್ರ ಸುತ್ತಿ, ಸೋಂಕು ಒಳಬರುವ ದಾರಿಗಳನ್ನೆಲ್ಲ ನೋಡಿ ಒಂದು ಹಾಳೆಯಲ್ಲಿ ಗುರುತು ಹಾಕುವುದು ನನ್ನ ಪಾಲಿನ ಕೆಲಸ. ಬೇಲಿ, ಹಕ್ಕಿಬಲೆ, ಕಾಲುವೆ, ಮೆಸ್ಸಿನ ಅಡುಗೆಮನೆ. ಆ ಅಡುಗೆಮನೆಯ ಹಾಳು ಮೀನಿನ ವಾಸನೆ ಬೇಲಿಯವರೆಗೂ ಅಟ್ಟಿಸಿಕೊಂಡು ಬರುತ್ತದೆ. ಹೆದರಬೇಡ, ನಿನಗೆ ಕೊಟ್ಟ ಮಾತು ನೆನಪಿದೆ. ಹನ್ನೊಂದು ತಿಂಗಳಾಯಿತು, ಆ ಹೊಸ್ತಿಲು ದಾಟಿಲ್ಲ. ಬಾಗಿಲಾಚೆ ನಿಂತು "ಎಲ್ಲಾ ಸರಿನಾ?" ಎಂದು ಕೂಗಿ, ಅವರು ತಲೆಯಾಡಿಸಿದೊಡನೆ ಓಡಿಬರುತ್ತೇನೆ. ನನ್ನ ಅನ್ನ ನನ್ನ ಖೋಲಿಯ ಕುಕ್ಕರಿನಲ್ಲಿ.

ಹಕ್ಕಿಬಲೆ ನೋಡಿಕೊಳ್ಳುವ ಹುಲಗೇಶ ರಾಯಚೂರಿನ ಕಡೆಯವನು. ಕನ್ನಡ ಮಾತಾಡಲು ಇಲ್ಲಿ ನನಗೆ ಅವನೊಬ್ಬನೇ. "ಅಕ್ಕಾರ, ನೀವು ಸಿಗಡಿ ಮುಟ್ಟತೀರಿ, ತಿನ್ನಂಗಿಲ್ಲ. ನಾ ತಿಂತೀನಿ, ನನ್ನ ಮುಟ್ಟಾಕ ಬಿಡಂಗಿಲ್ಲ. ಇದ್ಯಾವ ನ್ಯಾಯ ಐತ್ರಿ?" ಎಂದು ದಿನಾ ಕೇಳುತ್ತಾನೆ.

ನಿನ್ನ
ಪ್ರಾಜಕ್ತಾ

*

ಮೆಹದಿಪಟ್ಟಣಂ, ಹೈದರಾಬಾದ್
೧೦ ನವೆಂಬರ್ ೨೦೨೪

ಚಿ. ಪ್ರಾಜೂ,

ಆಶೀರ್ವಾದ ಕಳಿಸಿದ್ದೇನೆ. ಪುಡಿಯೂ ಇದೆ. ಡಬ್ಬಿ ವಾಪಸ್ ಬರಬೇಕು, ಅದು ನನ್ನ ಅತ್ತೆಯ ಕಾಲದ್ದು.

ನಿನ್ನ ಕಾಗದ ಓದಿ ಒಬ್ಬಳೇ ನಗುತ್ತಿದ್ದೆ. ನಿಮ್ಮಪ್ಪ ಬಂದು ನನ್ನ ಮುಖದೆದುರು ಕೈಯಾಡಿಸಿ ನೋಡಿದ. ಬೆಳಿಗ್ಗೆ ಎದ್ದು ಸ್ನಾನ, ಒಗೆದ ಬಟ್ಟೆ, ಯಾರನ್ನೂ ಮುಟ್ಟುವಂತಿಲ್ಲ! ಇದು ಮಡಿ ಅಲ್ಲದೆ ಮತ್ತೇನೇ ಹುಡುಗಿ? ನಾನು ಹೇಳಿದರೆ "ಅಜ್ಜಿ, ಇದೆಲ್ಲಾ ಹಳೇ ಕಾಲದ್ದು" ಎಂದು ಮೂಗು ಮುರಿಯುತ್ತಿದ್ದೆ. ಈಗ ಸಿಗಡಿಗೋಸ್ಕರ ದಿನಕ್ಕೆ ಮೂರು ಸಲ ಮಾಡುತ್ತೀ. ನಾನೂ ಸಿಗಡಿಯಾಗಿ ಹುಟ್ಟಿದ್ದರೆ ನನ್ನ ಮಾತಿಗೆ ಬೆಲೆ ಇರುತ್ತಿತ್ತೋ ಏನೋ.

ನಗು ಬಿಡು. ಹತ್ತು ಜನ ಹಾಕಿಕೊಂಡ ಹೆಡ್‌ಸೆಟ್ಟನ್ನು ಮೂವತ್ತನಾಲ್ಕು ವರ್ಷ ತಲೆಗೇರಿಸಿಕೊಂಡವಳು ನಾನು. ಮನೆಗೆ ಬಂದು ಮಡಿಸೀರೆ ಉಟ್ಟೇ ಒಲೆ ಹಚ್ಚುತ್ತಿದ್ದೆ. ಹೊರಗೆ ಕಾಲಕ್ಕೆ ತಕ್ಕಂತೆ ನಡೆದುಕೊಂಡರೂ ಒಲೆಯ ಹತ್ತಿರ ರಾಜಿ ಮಾಡಿಕೊಂಡಿಲ್ಲ. ನೀನು ಆ ಕೆಲಸಕ್ಕೆ ಹೋಗುವಾಗ ಮನೆಯವರೆಲ್ಲ ಬೇಡವೆಂದರೂ ನಾನೊಬ್ಬಳೇ ಹೂಂ ಎಂದದ್ದು ನೀನು ಕೊಟ್ಟ ಆ ಒಂದು ಮಾತಿನ ಮೇಲೆ. ಆ ಹೊಸ್ತಿಲು ಮಾತ್ರ ತುಳಿಯಬೇಡ.

ಮಿಯಾಪುರದ ಅಹಲ್ಯಾಬಾಯಿ ನಮ್ಮ ಮಠದಲ್ಲಿ ಸಿಕ್ಕು ಮಗನ ಮದುವೆಯ ವಿಷಯ ಎತ್ತಿದರು. "ನಿಮ್ಮ ಮೊಮ್ಮಗಳು ಏನ ಮಾಡ್ತಾಳ್ರೀ?" ಎಂದು ಕಾಗದದ ಚೂರಿನಲ್ಲಿ ಬರೆದು ಕೇಳಿದರು. "ನೀರಿನ ಪರೀಕ್ಷಾ ಮಾಡ್ತಾಳ್ರೀ" ಎಂದೆ. ಸುಳ್ಳಲ್ಲ. ಆ ನೀರಿನಲ್ಲಿ ಯಾರಿದ್ದಾರೆ ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಎದುರು ಮನೆಯ ವರ್ಷಾ ನಿನ್ನನ್ನು ಕೇಳಿದಳು. ಪಾಪ, ಆಸ್ಪತ್ರೆಯ ನರ್ಸ್ ಕೆಲಸ ಮುಗಿಸಿ ಬರುವಾಗ ನನಗೆ ತರಕಾರಿ ತಂದುಕೊಡುತ್ತಾಳೆ. ಒಳಗೆ ಬಾ ಎಂದು ಒಂಬತ್ತು ವರ್ಷದಿಂದ ಕರೆಯುತ್ತಿದ್ದಾಳೆ. ಅವಳ ಮನೆಯಲ್ಲಿ ರವಿವಾರ ರವಿವಾರ ಮೀನು. ನಾನು ಬಾಗಿಲಲ್ಲೇ ನಿಂತು ಮಾತಾಡಿ ಬರುತ್ತೇನೆ. ಅವಳೂ ಬೇಸರ ಮಾಡಿಕೊಂಡಿಲ್ಲ ಎಂದುಕೊಂಡಿದ್ದೇನೆ.

ಹುಲಗೇಶನಿಗೆ ನನ್ನ ಆಶೀರ್ವಾದ. ಅವನು ಕೇಳಿದ್ದು ನ್ಯಾಯವಾಗಿಯೇ ಇದೆ.

ನಿನ್ನ ಅಜ್ಜಿ
ಗೋದಾವರಿ

*

ನರಸಾಪುರದ ಬದಿ
೧ ಡಿಸೆಂಬರ್ ೨೦೨೪

ಅಜ್ಜಿ,

ಬರೆಯುವುದು ತಡವಾಯಿತು. ಇಲ್ಲಿ ಬಿಳಿ ಚುಕ್ಕೆ ಬಂದಿದೆ.

ಇಪ್ಪತ್ತೈದರ ಸೋಮವಾರ ನಾಲ್ಕನೇ ಕೊಳದ ಸಿಗಡಿಗಳು ಮೇವು ಮುಟ್ಟಲಿಲ್ಲ. ಹಿಂದಿನ ಎರಡು ದಿನ ಚಳಿಗಾಳಿ ಇತ್ತು, ಅದಕ್ಕಿರಬೇಕು ಎಂದುಕೊಂಡೆವು. ಮರುದಿನ ದಂಡೆಗೆ ಬಂದು ಸುಮ್ಮನೆ ನಿಂತವು. ಒಂದನ್ನು ಎತ್ತಿ ತಲೆಚಿಪ್ಪು ಬಿಡಿಸಿ ಬೆಳಕಿಗೆ ಹಿಡಿದೆ. ಸುಣ್ಣ ಸಿಡಿದ ಹಾಗೆ ಬಿಳಿ ಚುಕ್ಕೆ. ಪುಸ್ತಕದಲ್ಲಿ ನೂರು ಸಲ ನೋಡಿದ್ದೆ. ಆದರೂ ನಂಬದೆ ಇನ್ನೊಂದನ್ನು ಎತ್ತಿ ನೋಡಿದೆ, ಅಜ್ಜಿ. ದಿನಾ ಬುಟ್ಟಿ ಬುಟ್ಟಿ ಸತ್ತದ್ದನ್ನು ತೆಗೆದು ಸುಡುತ್ತಿದ್ದೇವೆ.

ತಾಯಿಮನೆಯಲ್ಲಿ ಇನ್ನೂ ಏನೂ ಇಲ್ಲ. ಅದೇ ಸಮಾಧಾನ.

ಎಲ್ಲಿಂದ ಬಂತು ಎಂದು ವಿಚಾರಣೆ ನಡೆಯುತ್ತಿದೆ. ಹಕ್ಕಿಬಲೆ ಒಂದು ಕಡೆ ಹರಿದಿತ್ತು. ಕಾಗೆಯೋ ಬೆಳ್ಳಕ್ಕಿಯೋ ಬೇರೆಯವರ ಕೊಳದ ಸತ್ತ ಸಿಗಡಿ ತಂದು ಬೀಳಿಸಿರಬಹುದು ಎಂದು ಎಲ್ಲರೂ ಹೇಳುತ್ತಿದ್ದಾರೆ. ನಮ್ಮ ಮುಖ್ಯಸ್ಥೆ ನಳಿನಿ ಮೇಡಂ ಕೂಡ.

ನಾನು ಚೆನ್ನಾಗಿದ್ದೇನೆ. ಪುಡಿ ಮುಗಿಯುತ್ತ ಬಂತು.

ಪ್ರಾಜಕ್ತಾ

*

ಮೆಹದಿಪಟ್ಟಣಂ
೭ ಡಿಸೆಂಬರ್ ೨೦೨೪

ಚಿ. ಪ್ರಾಜೂ,

ನಿನ್ನ ಕಾಗದ ಇಷ್ಟು ಚಿಕ್ಕದಾಗಿ ಬಂದದ್ದು ಇದೇ ಮೊದಲು. ಮೂರು ಸಲ ಓದಿದೆ.

ಸಿಗಡಿ ಸತ್ತದ್ದಕ್ಕೆ ಅಳಬೇಕೋ ಬೇಡವೋ ನನಗೆ ತಿಳಿಯಲಿಲ್ಲ. ನೀನು ಅಳುತ್ತಿರಬಹುದು ಎಂದು ನೆನೆದು ನಾನೂ ಸ್ವಲ್ಪ ಅತ್ತೆ. ದೇವರ ಮುಂದೆ ದೀಪ ಹಚ್ಚುವಾಗ ಆ ಹದಿನೇಳನೆಯವರ ಹೆಸರೂ ಹೇಳಿದೆ. ಗೋತ್ರ ಗೊತ್ತಿಲ್ಲ, ಹಳದಿ ಗುರುತಿನವರು ಎಂದೆ. ನಗಬೇಡ.

ಒಂದು ಮಾತು. ನಿಮ್ಮಲ್ಲಿ ಪ್ರತಿ ಸೋಮವಾರ ಬಲೆ ನೋಡುವವಳು ನೀನಲ್ಲವೇ? ಹರಿದದ್ದು ನಿನಗೆ ಕಾಣಲಿಲ್ಲವೇ? ನಿನ್ನ ಮೇಲೆ ತಪ್ಪು ಬರುತ್ತದೆಂದು ಹೆದರಿದ್ದೀಯಾ? ಬಲೆ ಹರಿಯುವುದು ದೊಡ್ಡ ಅಪರಾಧವಲ್ಲ. ಮಂಗ ಹರಿಯುತ್ತದೆ, ಗಾಳಿ ಹರಿಯುತ್ತದೆ. ಹೆದರದೆ ಬರೆ.

ಪುಡಿ ಕುಟ್ಟಿಸಿದ್ದೇನೆ. ಊಟ ಬಿಡಬೇಡ.

ಅಜ್ಜಿ

*

ನರಸಾಪುರದ ಬದಿ
೧೭ ಡಿಸೆಂಬರ್ ೨೦೨೪

ಅಜ್ಜಿ,

ಇಲ್ಲಿ ಎಲ್ಲ ಸರಿಯಿದೆ, ಚಿಂತೆ ಬಿಡು. ಬಲೆ ಹಿಂದಿನ ಸೋಮವಾರ ಸರಿಯಾಗಿಯೇ ಇತ್ತು. ನನ್ನ ಮೇಲೆ ಯಾರೂ ತಪ್ಪು ಹೊರಿಸಿಲ್ಲ. ಹುಲಗೇಶ ಸದ್ಯ ರಜೆಯ ಮೇಲೆ ಊರಿಗೆ ಹೋಗುವವನಿದ್ದಾನೆ.

ಒಂದು ಸಂತೋಷದ ಸುದ್ದಿ. ಕೊಳದಲ್ಲಿದ್ದ ಆರು ಸಾವಿರದಲ್ಲಿ ಇನ್ನೂರಹನ್ನೆರಡು ಉಳಿದಿವೆ. ಎತ್ತಿ ನೋಡಿದರೆ ನೂರೈವತ್ತೊಂದಕ್ಕೆ ಹಳದಿ ಗುರುತು! ಹದಿನೇಳನೆಯ ಮನೆತನದಲ್ಲಿ ನಾವು ಬಿಟ್ಟದ್ದೇ ಇನ್ನೂರು. ಉಳಿದ ಇಪ್ಪತ್ತೊಂಬತ್ತು ಮನೆತನ ಬಹುತೇಕ ಗುಡಿಸಿಹೋದ ಕಡೆ ಇವು ತಡೆದುಕೊಂಡಿವೆ. ನನ್ನ ಮೆಚ್ಚಿನವು!

ಆದರೆ ಉಳಿದವನ್ನು ಇಟ್ಟುಕೊಳ್ಳುವಂತಿಲ್ಲ. ರೋಗ ಗೆದ್ದರೂ ವೈರಸ್ಸು ಅವುಗಳ ಮೈಯಲ್ಲಿ ಕೂತಿರುತ್ತದೆ, ಮಕ್ಕಳಿಗೂ ದಾಟಬಹುದು. ಅವನ್ನೂ ಕೊಂದು ತೆಗೆದು, ತಾಯಿಮನೆಯಲ್ಲಿರುವ ಅವುಗಳ ಒಡಹುಟ್ಟಿದವುಗಳಿಂದ ಸಂತಾನ ಬೆಳೆಸಬೇಕು. ಅದೇ ರಕ್ತ, ರೋಗ ಮುಟ್ಟದ ಮೈ. ಕ್ರಮ ಇದು. ಆದರೆ ಮಾಲೀಕರು ಹೊಸ ವರ್ಷ ಕಳೆದ ಕೂಡಲೇ ತಾಯಿಮನೆಯನ್ನೂ ಖಾಲಿ ಮಾಡಿಸಬೇಕು ಎನ್ನುತ್ತಿದ್ದಾರೆ. ಅದರ ನೀರಿನ ತೊಟ್ಟಿಯ ಮೇಲೆಯೂ ಅದೇ ಹಕ್ಕಿಬಲೆ ಇದೆಯಲ್ಲ, ಇವತ್ತು ಪರೀಕ್ಷೆಯಲ್ಲಿ ಕಾಣದ್ದು ನಾಳೆ ಕಂಡರೆ ಏನು ಗತಿ ಎಂಬ ಹೆದರಿಕೆ. ಎಂಟು ವರ್ಷದ ಕೆಲಸ. ನೋಡೋಣ.

ಚಳಿಗೆ ಕಿವಿ ಮುಚ್ಚಿಕೋ. ಕೇಳದಿದ್ದರೂ ಅವು ಕಿವಿಗಳೇ.

ಪ್ರಾಜಕ್ತಾ

*

ಮೆಹದಿಪಟ್ಟಣಂ
೨೦ ಡಿಸೆಂಬರ್ ೨೦೨೪
(ಸ್ಪೀಡ್ ಪೋಸ್ಟ್)

ಪ್ರಾಜೂ,

ನಿನ್ನ ಕಾಗದದ ತಲೆಯಲ್ಲಿ ನರಸಾಪುರ ಎಂದು ಬರೆದಿದ್ದೀ. ಲಕೋಟೆಯ ಮೇಲೆ ಮಿಯಾಪುರದ ಅಂಚೆ ಮುದ್ರೆ ಇದೆ.

ನಿಮ್ಮ ಕಂಪನಿಯ ದೊಡ್ಡ ಆಫೀಸು ಮಿಯಾಪುರದಲ್ಲಿದೆ ಎಂದು ನೀನೇ ಹೇಳಿದ್ದೆ. ಅಂದರೆ ನೀನು ಹೈದರಾಬಾದಿಗೆ ಬಂದೆ, ಕೂತು ನನಗೆ "ಎಲ್ಲ ಸರಿಯಿದೆ" ಎಂದು ಬರೆದೆ, ಅಲ್ಲೇ ಡಬ್ಬಿಗೆ ಹಾಕಿದೆ, ಮನೆಗೆ ಬಾರದೆ ಹೋದೆ. ಮನೆ ಎಷ್ಟು ದೂರವಿತ್ತೇ? ನನ್ನ ಮುಖ ನೋಡಲು ಹೆದರಿದೆಯಾ? ಬಹಳ ನೋವಾಯಿತು. ಆ ನೋವನ್ನು ಮೊದಲು ಹೇಳಿ ಮುಗಿಸಿದ್ದೇನೆ, ಇನ್ನು ವಿಷಯಕ್ಕೆ ಬರುತ್ತೇನೆ.

ಎಕ್ಸ್‌ಚೇಂಜಿಗೆ ಸೇರಿದ ಹೊಸತರಲ್ಲಿ ನಮಗೆ ಒಂದು ವಿದ್ಯೆ ಕಲಿಸಿದ್ದರು. ಸದ್ದಿಲ್ಲದ ಲೈನು ಸಿಕ್ಕರೆ, ಅದು ಸತ್ತ ಲೈನೋ, ಆ ತುದಿಯಲ್ಲಿ ಯಾರೋ ಸುಮ್ಮನೆ ನಿಂತಿದ್ದಾರೋ ಎಂದು ಗುರುತಿಸುವುದು. ಕಿವಿ ಹೋದರೂ ಆ ವಿದ್ಯೆ ಹೋಗಿಲ್ಲ. ನಿನ್ನೆ ನಿನ್ನ ಹಳೆಯ ಕಾಗದಗಳನ್ನೆಲ್ಲ ತೆಗೆದು ಹಾಸಿಗೆಯ ಮೇಲೆ ಹರವಿಕೊಂಡು ಓದಿದೆ. ಹತ್ತೊಂಬತ್ತು ಕಾಗದ. ಹದಿನೇಳರಲ್ಲಿ ಆ ಅಡುಗೆಮನೆಯ ವಾಸನೆಗೆ ಬೈದಿದ್ದೀ. ರೋಗ ಬಂದಮೇಲಿನ ಎರಡರಲ್ಲಿ ಅಡುಗೆಮನೆ ಎಂಬ ಶಬ್ದವೇ ಇಲ್ಲ. ಬೈಯುವುದನ್ನು ಮರೆಯುವವಳಲ್ಲ ನೀನು.

ರೋಗದ ಹೊತ್ತಿನಲ್ಲಿ ಯಾರಾದರೂ ಕೆಲಸದವನಿಗೆ ರಜೆ ಕೊಡುತ್ತಾರೆಯೇ? ಹುಲಗೇಶನನ್ನು ತೆಗೆದುಹಾಕುತ್ತಿದ್ದಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುತ್ತಿದ್ದಾರೆ, ಅದು ನಿನಗೆ ಗೊತ್ತಿದೆ.

ನನಗೆ ಸಿಗಡಿಯ ಶಾಸ್ತ್ರ ತಿಳಿಯದು. ಆದರೆ ಹನ್ನೊಂದು ತಿಂಗಳು ನೀನು ನೋಡಬೇಕಾದ ಒಂದು ಜಾಗ ನೋಡಲಿಲ್ಲ, ನನಗೆ ಕೊಟ್ಟ ಮಾತಿಗಾಗಿ ನೋಡಲಿಲ್ಲ, ಇಷ್ಟು ತಿಳಿಯಿತು. ನನ್ನ ಮನಸ್ಸಿಗೆ ನೋವಾಗುತ್ತದೆಂದು ನೀನು ಇದನ್ನು ಮುಚ್ಚಿಟ್ಟಿದ್ದರೆ, ಮುದ್ದು ಕಂದಾ, ಬಿಚ್ಚು. ನನಗೆ ಎಪ್ಪತ್ತಾರು. ಇದಕ್ಕಿಂತ ದೊಡ್ಡದನ್ನು ತಡೆದುಕೊಂಡಿದ್ದೇನೆ.

ಆ ಮಾತನ್ನು ನಾನು ವಾಪಸ್ ತೆಗೆದುಕೊಂಡಿದ್ದೇನೆ. ಈ ಕಾಗದ ಕೈಗೆ ಬಂದ ಕ್ಷಣದಿಂದ ನಿನ್ನ ಮೇಲೆ ಅದರ ಭಾರವಿಲ್ಲ. ಹೊಸ್ತಿಲು ದಾಟು.

ಅಜ್ಜಿ

*

ನರಸಾಪುರದ ಬದಿ
೨೫ ಡಿಸೆಂಬರ್ ೨೦೨೪

ಅಜ್ಜಿ, ನನ್ನ ಅಜ್ಜಿ,

ನಿನ್ನೆ ಕಾಗದ ಬಂತು. ಖೋಲಿಯ ಬಾಗಿಲು ಹಾಕಿಕೊಂಡು ಜೋರಾಗಿ ಅತ್ತೆ. ಆಮೇಲೆ ಹೊಸ್ತಿಲು ದಾಟಿದೆ.

ಎಲ್ಲ ಹೇಳುತ್ತೇನೆ. ರೋಗ ಬಂದ ಮೂರನೇ ದಿನ, ಕಾಲುವೆಯ ನೀರು ಹಿಡಿಯಲು ಹೋದಾಗ ಮೆಸ್ಸಿನ ಹಿಂಬದಿಗೆ ಬಂದೆ. ಪಾತ್ರೆ ತೊಳೆಯುವ ಕಟ್ಟೆಯ ಕೆಳಗೆ ಸಿಗಡಿ ಸಿಪ್ಪೆಯ ರಾಶಿ. ಹೊರಗಿನ ಸಿಗಡಿ ಈ ಬೇಲಿಯೊಳಗೆ ಬರಲೇಕೂಡದು ಎಂಬುದು ನಮ್ಮ ಮೊದಲ ನಿಯಮ. ಕಟ್ಟೆಯ ನೀರು ಒಂದು ಒಡೆದ ಪೈಪಿನಿಂದ ನಾಲ್ಕನೇ ಕೊಳದ ಕಾಲುವೆಗೆ ಹೋಗುತ್ತಿತ್ತು. ಸುತ್ತಲಿನ ಕೊಳಗಳಲ್ಲಿ ರೋಗ ಬಿದ್ದಾಗ ರೈತರು ಅವಸರದಲ್ಲಿ ಹಿಡಿದು ಅಗ್ಗಕ್ಕೆ ಮಾರುತ್ತಾರೆ. ತಿನ್ನುವವರಿಗೆ ಅದರಿಂದ ಏನೂ ಆಗುವುದಿಲ್ಲ, ಅಡುಗೆಯವರು ರವಿವಾರಕ್ಕೆಂದು ಅದನ್ನೇ ತಂದಿದ್ದರು. ನಾನು ಕಿಟಕಿಯಿಂದ ಎಲ್ಲ ನೋಡಿದೆ. ಆಗಲೂ ಒಳಗೆ ಹೋಗಲಿಲ್ಲ. ನೆಪಕ್ಕೆ ನಿನ್ನ ಮಾತಿತ್ತು.

ನನ್ನ ಹಾಳೆಯಲ್ಲಿ ಪ್ರತಿ ಸೋಮವಾರದ ಮುಂದೆ 'ಅಡುಗೆಮನೆ, ಸರಿ' ಎಂದು ನನ್ನ ಕೈಬರಹವಿದೆ. ಮಿಯಾಪುರದಲ್ಲಿ ವಿಚಾರಣೆಗೆ ಕೂತಾಗ ಆ ಹಾಳೆಗಳನ್ನೇ ಮೇಜಿನ ಮೇಲೆ ಇಟ್ಟು, "ಪ್ರಾಜಕ್ತಾ ಎಲ್ಲ ನೋಡಿದ್ದಾಳೆ, ಉಳಿದದ್ದು ಬಲೆಯೊಂದೇ" ಎಂದರು. ನಾನು ಸುಮ್ಮನಿದ್ದೆ. ಹುಲಗೇಶ ಬಾಗಿಲ ಹತ್ತಿರ ನಿಂತಿದ್ದ. ಹೊರಗೆ ಬಂದಮೇಲೆ "ಇರ್ಲಿ ಬಿಡ್ರಿ ಅಕ್ಕಾರ, ನನ್ನ ಹಣೇಬರ. ನೀವ್ಯಾಕ ಕಣ್ಣಾಗ ನೀರ ತರ್ತೀರಿ?" ಎಂದು ನನಗೇ ಚಹಾ ತಂದುಕೊಟ್ಟ. ಆ ಚಹಾ ಕುಡಿದು ನಿನ್ನ ಮುಂದೆ ಬಂದು ಕೂರುವುದು ನನ್ನಿಂದ ಆಗಲಿಲ್ಲ. ಅದಕ್ಕೇ ಬರಲಿಲ್ಲ.

ನಿನ್ನೆ ಒಳಗೆ ಹೋದೆ. ನಿಯಮದ ಬೋರ್ಡು ಇದೆ, ಅಕ್ಕಿ ಡ್ರಮ್ಮಿನ ಹಿಂದೆ, ಇಂಗ್ಲಿಷಿನಲ್ಲಿ. ಅದನ್ನು ಅಡುಗೆಯಮ್ಮನಿಗೆ ತೆಲುಗಿನಲ್ಲಿ ತಿಳಿಸಿ ಹೇಳಬೇಕಾದವಳು ನಾನು. ನಿನ್ನೆ ಹೇಳಿದಾಗ ಅವಳು ಸೌಟು ಕೆಳಗಿಟ್ಟು, "ಯಾರೂ ಹೇಳಲೇ ಇಲ್ಲವಲ್ಲಮ್ಮಾ, ನೀವು ಬಾಗಿಲಲ್ಲೇ ನಿಲ್ಲುತ್ತಿದ್ದಿರಿ" ಎಂದಳು. ಸಿಟ್ಟಿನಿಂದಲ್ಲ. ನಾನು ಅವಳ ಅಡುಗೆಗೆ ಹೇಸುತ್ತೇನೆ ಎಂದು ಅವಳಿಗೆ ಮೊದಲಿನಿಂದ ಗೊತ್ತಿತ್ತು.

ಒಡೆದ ಪೈಪಿನ ನೀರು ತಾಯಿಮನೆಯ ಕಡೆ ಹೋಗುವುದೇ ಇಲ್ಲ, ಅಜ್ಜಿ. ಅದರ ನೀರಿನ ದಾರಿಯೇ ಬೇರೆ. ನಾನು ನಿಜ ಹೇಳಿದರೆ ಹುಲಗೇಶನೂ ಉಳಿಯುತ್ತಾನೆ, ಹದಿನೇಳನೆಯವೂ ಉಳಿಯಬಹುದು. ನನ್ನ ಕೆಲಸ ಉಳಿಯುವುದು ಅನುಮಾನ. ಈ ಕೆಲಸ ನನಗೆ ಎಷ್ಟು ಇಷ್ಟ ಎಂದು ನಿನಗೊಬ್ಬಳಿಗೇ ಗೊತ್ತು.

ಇದನ್ನು ಅಂಚೆಗೆ ಹಾಕಿ ನಳಿನಿ ಮೇಡಂ ಹತ್ತಿರ ಹೋಗುತ್ತಿದ್ದೇನೆ.

ಪ್ರಾಜಕ್ತಾ

*

ಮೆಹದಿಪಟ್ಟಣಂ
೩೦ ಡಿಸೆಂಬರ್ ೨೦೨೪

ಪ್ರಾಜೂ,

ಹೋಗಿ ಹೇಳಿದೆಯಲ್ಲ, ಸಾಕು. ಏನಾಯಿತೆಂದು ಆಮೇಲೆ ಬರೆ.

ನಾನು ಎರಡು ದಿನ ಯೋಚಿಸಿದೆ. ನನ್ನ ಮಡಿ ನನ್ನನ್ನು ಕಾಯಲಿಕ್ಕಿತ್ತು. ನಿನ್ನ ಮಡಿ ಆ ಮೂಕ ಜೀವಗಳನ್ನು ಕಾಯಲಿಕ್ಕೆ. ನಾನು ಎರಡನ್ನೂ ಒಂದೇ ಎಂದು ನಕ್ಕು, ನನ್ನದನ್ನು ನಿನ್ನದರ ಮೇಲೆ ಹೇರಿದೆ. ನನ್ನ ಮಡಿಯಲ್ಲಿ ಹೊಲಸಿನಿಂದ ದೂರ ನಿಂತರೆ ಆಯಿತು. ನಿನ್ನದರಲ್ಲಿ ಹೊಲಸಿನ ಹತ್ತಿರ ಹೋಗಿ, ಬಗ್ಗಿ ನೋಡಬೇಕು. ಅದು ಹೆಚ್ಚಿನದು ಕಣೇ. ತಪ್ಪಿನಲ್ಲಿ ಅರ್ಧ ನನ್ನದು. ಮೇಡಂ ಬೈದರೆ ಅರ್ಧ ನನಗೆ ಕಳಿಸು.

ಊಟ ಮಾಡು.

ಅಜ್ಜಿ

*

ನರಸಾಪುರದ ಬದಿ
೧೯ ಜನವರಿ ೨೦೨೫

ಅಜ್ಜಿ,

ಉದ್ದದ ಕಾಗದ ಇದು. ಕನ್ನಡಕ ಒರೆಸಿಕೋ.

ನಳಿನಿ ಮೇಡಂ ಪೂರ್ತಿ ಕೇಳಿದರು. ಬೈಯಲಿಲ್ಲ, ಅದೇ ಕಷ್ಟವಾಯಿತು. ಎದ್ದು ನನ್ನ ಜೊತೆ ಮೆಸ್ಸಿನ ಹಿಂದೆ ಬಂದು, ಸೀರೆ ಎತ್ತಿಕಟ್ಟಿ, ಮೊಣಕಾಲೂರಿ ಪೈಪು ನೋಡಿದರು. ಪೈಪಿನೊಳಗಿನ ಕೆಸರನ್ನು ಪರೀಕ್ಷೆಗೆ ಕಳಿಸಿದರು. ವೈರಸ್ಸು ಸಿಕ್ಕಿತು. ಬಲೆಯ ಕೆಳಗಿನ ತಾಯಿಮನೆ ತೊಟ್ಟಿಯಲ್ಲಿ ಏನೂ ಸಿಗಲಿ‍ಲ್ಲ. ಮಾಲೀಕರು ತಾಯಿಮನೆಗೆ ಹದಿನೈದು ದಿನ ಗಡುವು ಕೊಟ್ಟರು: ಮೂರು ಸಲ ಪರೀಕ್ಷೆ, ಮೂರರಲ್ಲೂ ಶುದ್ಧ ಬಂದರೆ ಉಳಿಸುವುದು. ಮೊದಲನೆಯದು ಶುದ್ಧ. ಎರಡನೆಯದೂ ಶುದ್ಧ. ಮೂರನೆಯದರ ಫಲಿತಾಂಶ ಮೊನ್ನೆ ಬಂತು. ಅದನ್ನು ಓದುವಾಗ ಹುಲಗೇಶ ನನ್ನ ಪಕ್ಕದಲ್ಲೇ ಇದ್ದ. "ಏನ ಬರದಾರ್ರೀ? ಹೇಳ್ರಿ ಲಗೂನ, ಜೀವ ಬಾಯಾಗ ಬಂದೈತಿ" ಎಂದ. ಶುದ್ಧ, ಅಜ್ಜಿ! ಹದಿನೇಳನೆಯವು ಉಳಿದವು. ನಿನ್ನೆ ಒಂದು ತಾಯಿ ಮೊಟ್ಟೆಯಿಟ್ಟಿದೆ. ಲಕ್ಷದ ಮೇಲೆ.

ಹುಲಗೇಶನ ಕೆಲಸ ಉಳಿಯಿತು. ಅವನಿಗೆ ನಿಜ ಹೇಳಿ ಕ್ಷಮೆ ಕೇಳಿದೆ. ಅವತ್ತಿಡೀ ನನ್ನನ್ನು ಕಂಡೊಡನೆ ಕೊಳದ ಆಚೆ ಬದಿಗೆ ಹೋಗುತ್ತಿದ್ದ. ಮರುದಿನ, "ನೀವು ಮೊದಲಽ ಹೇಳಬೇಕಿತ್ತು" ಎಂದ. ಹೌದು ಎಂದೆ. ಈಗ ಮಾತಾಡುತ್ತಾನೆ. ಮೊದಲಿನಷ್ಟು ತಮಾಷೆ ಇನ್ನೂ ಬಂದಿಲ್ಲ.

ಕೊಳದಲ್ಲಿ ಬದುಕಿದ್ದ ಆ ನೂರೈವತ್ತೊಂದನ್ನು ತೆಗೆದ ದಿನ ನಾನೇ ನಿಂತಿದ್ದೆ. ಬೇರೆಯವರ ಕೈಗೆ ಕೊಡಲಿಲ್ಲ.

ನನ್ನನ್ನು ತಾಯಿಮನೆಯಿಂದ ತೆಗೆದಿದ್ದಾರೆ. ಕೆಲಸದಿಂದ ತೆಗೆದಿಲ್ಲ, ಒಂದು ಮೆಟ್ಟಿಲು ಕೆಳಗಿಳಿಸಿದ್ದಾರೆ. ಕಂಪನಿಯ ಎಲ್ಲ ಕೇಂದ್ರಗಳ ಸೋಂಕಿನ ದಾರಿ ನೋಡುವುದು ಈಗ ನನ್ನ ಕೆಲಸ. ಮೇಡಂ ಹೇಳಿದ್ದು ಇಷ್ಟೇ: "ಅಡುಗೆಮನೆಗಳಿಂದ ಶುರು ಮಾಡು." ಬಾಗಿಲ ಗಾಜಿನಿಂದ ಹಳದಿ ಗುರುತು ನೋಡಿ ಬರುತ್ತೇನೆ. ಒಳಗೆ ಹೋಗಲು ಒಂದು ವರ್ಷ ಕಾಯಬೇಕು. ಹೊಟ್ಟೆ ಉರಿಯುತ್ತದೆ, ಸುಳ್ಳು ಹೇಳುವುದಿಲ್ಲ.

ಅಡುಗೆಯಮ್ಮ ನನಗಾಗಿ ಬೇರೆ ಪಾತ್ರೆಯಲ್ಲಿ ಸೊಪ್ಪು-ಬೇಳೆಯ ಪಪ್ಪು ಮಾಡುತ್ತಾಳೆ. ಅವಳ ಅಡುಗೆಮನೆಯಲ್ಲೇ ಕೂತು ಊಟ ಮಾಡುತ್ತೇನೆ. ನಿನಗೆ ಹೇಳದೆ ಮಾಡಲಾರೆ, ಅದಕ್ಕೆ ಬರೆದೆ.

ನಿನ್ನ
ಪ್ರಾಜಕ್ತಾ

*

ಮೆಹದಿಪಟ್ಟಣಂ
೨ ಫೆಬ್ರವರಿ ೨೦೨೫

ಚಿ. ಪ್ರಾಜೂ,

ಉತ್ತರ ತಡವಾಯಿತು, ನಾನು ಸಿಟ್ಟಾಗಿದ್ದೇನೆ ಎಂದುಕೊಂಡಿರಬೇಕು ನೀನು. ನನಗೆ ಪುರುಸೊತ್ತಿರಲಿಲ್ಲ.

ವರ್ಷಾಗೆ ಜ್ವರ ಬಂದಿತ್ತು. ಎರಡು ದಿನ ಅವಳ ಬಾಗಿಲು ತೆರೆಯಲಿಲ್ಲ. ಮೂರನೇ ದಿನ ನಿಮ್ಮಪ್ಪ ಬಾಗಿಲು ಬಡಿದ, ಅವಳು ಗೋಡೆ ಹಿಡಿದು ಬಂದು ಚಿಲಕ ತೆಗೆದಳು. ನಾನು ಗಂಜಿಯ ಪಾತ್ರೆ ಹಿಡಿದು ಹೊಸ್ತಿಲಲ್ಲಿ ನಿಂತೆ. ಒಂಬತ್ತು ವರ್ಷ ನಿಂತ ಜಾಗ. ಆ ಹುಡುಗಿ ಅಷ್ಟು ಜ್ವರದಲ್ಲೂ ಪಾತ್ರೆ ಇಸಿದುಕೊಳ್ಳಲು ಕೈ ಚಾಚಿದಳು, ನಾನು ಒಳಗೆ ಬರುವುದಿಲ್ಲವೆಂದು ಅವಳಿಗೆ ರೂಢಿಯಾಗಿಬಿಟ್ಟಿದೆ. ನನಗೆ ನಿಮ್ಮ ಅಡುಗೆಯಮ್ಮನ ಮಾತು ನೆನಪಾಯಿತು. ಬಹಳ ನಾಚಿಕೆಯಾಯಿತು. ಒಳಗೆ ಹೋದೆ.

ಎಂಟು ದಿನ ಅವಳ ಅಡುಗೆಮನೆ ನನ್ನ ಕೈಯಲ್ಲಿತ್ತು. ಫ್ರಿಜ್ಜು ತೆಗೆದರೆ ಎದುರಿಗೇ ಸಿಗಡಿಯ ಪೊಟ್ಟಣ! ನೀನು ಕಾಯುವವರನ್ನು ನಾನು ಕಣ್ಣಾರೆ ನೋಡಿದ್ದು ಅದೇ ಮೊದಲು. ಕನ್ನಡಕ ಹಾಕಿಕೊಂಡು ತಲೆಚಿಪ್ಪಿನ ಮೇಲೆ ಬಿಳಿ ಚುಕ್ಕೆ ಇದೆಯೇ ಎಂದು ನೋಡಿದೆ. ಇರಲಿಲ್ಲ. ವರ್ಷಾ ಹಾಸಿಗೆಯಿಂದ ನೋಡಿ ನಕ್ಕಳು. "ಅಜ್ಜಿ, ಇದನ್ನ ತೊಳೆದ ನೀರು ಎಲ್ಲಿ ಹೋಗ್ತದ, ಗೊತ್ತದ ಏನು ನಿನಗ?" ಎಂದು ಚೀಟಿಯಲ್ಲಿ ಬರೆದು ನಿನ್ನನ್ನೇ ಅಣಕಿಸಿದಳು. ನಿನ್ನ ಕಥೆಯನ್ನೆಲ್ಲ ಅವಳಿಗೆ ಹೇಳಿದ್ದೆ. ಈಗ ಡ್ಯೂಟಿಗೆ ಹೋಗುತ್ತಿದ್ದಾಳೆ.

ಮನೆಗೆ ಬಂದು ಸ್ನಾನ ಮಾಡಿಯೇ ಒಲೆ ಹಚ್ಚಿದೆ, ಅದು ಬಿಡುವುದಿಲ್ಲ. ನೀನು ಮಾಡುವುದನ್ನೇ ಮಾಡಿದೆ ಎಂದುಕೋ: ಒಳಗೆ ಹೋಗಿ, ನೋಡಿ, ಹೊರಗೆ ಬಂದು ಸ್ನಾನ.

ಅಹಲ್ಯಾಬಾಯಿ ಮತ್ತೆ ಸಿಕ್ಕಿದ್ದರು. ಈ ಸಲ ಕೇಳುವ ಮೊದಲೇ ಹೇಳಿದೆ: "ನಮ್ಮ ಹುಡುಗಿ ಸಿಗಡಿ ಕಾಯ್ತಾಳ್ರೀ. ಭಾಳ ದೊಡ್ಡ ಮಡಿ ಕೆಲಸ ಅದ." ಅವರು ಕಾಗದದ ಚೂರನ್ನು ವಾಪಸ್ ಚೀಲಕ್ಕೆ ಹಾಕಿಕೊಂಡು ಹೋದರು. ಹೋಗಲಿ.

ನಿಮ್ಮಪ್ಪ ನರಸಾಪುರ ಎಕ್ಸ್‌ಪ್ರೆಸ್ಸಿಗೆ ಎರಡು ಟಿಕೆಟ್ ತೆಗೆಸಿದ್ದಾನೆ. ಎಂಟನೇ ತಾರೀಕಿಗೆ ಹೊರಟು ಒಂಬತ್ತಕ್ಕೆ ಅಲ್ಲಿರುತ್ತೇವೆ. ಹುಲಗೇಶನಿಗೆ ಒಂದು ಡಬ್ಬಿ ಬೇರೆ ಕಟ್ಟಿದ್ದೇನೆ, ಅವನ ನಗು ವಾಪಸ್ ಬರುತ್ತದೋ ನೋಡೋಣ. ಗೇಟಿನಲ್ಲಿ ಸ್ನಾನ ಎಂದರೆ ಸ್ನಾನ. ಸೀರೆ ನಡೆಯುವುದಿಲ್ಲ ಎಂದರೆ ಅವರು ಕೊಡುವ ಪ್ಯಾಂಟನ್ನೂ ಹಾಕಿಕೊಳ್ಳುತ್ತೇನೆ, ಫೋಟೋ ಮಾತ್ರ ತೆಗೆಯಬೇಡ. ಹದಿನೇಳನೆಯವರನ್ನು ಗಾಜಿನಿಂದ ತೋರಿಸು, ಸಾಕು.

ಮರುದಿನ ಸೋಮವಾರ. ನಿನ್ನ ಹಾಳೆ ಹಿಡಿದು ಹೊರಟಾಗ ನಾನೂ ಬರುತ್ತೇನೆ. ಮೊದಲು ಅಡುಗೆಮನೆಗೆ ಹೋಗೋಣ. ಬಾಗಿಲಲ್ಲಿ ನಿಲ್ಲುವುದು ಬೇಡ. ಆ ತಾಯಿ ಮಣೆ ಹಾಕಿದರೆ ಇಬ್ಬರೂ ಒಳಗೆ ಕೂತು ಅವಳ ಪಪ್ಪು ಅನ್ನ ಉಂಡು ಬರೋಣ.

ನಿನ್ನ ಅಜ್ಜಿ
ಗೋದಾವರಿ